ತುಳಸಿ ಸುಟ್ಟ ಚಳಿಗಾಲ

ದೀಪಾವಳಿಯ ಪಣತಿಗಳನ್ನು ತೊಳೆದು ಒಳಗಿಡುವ ಹೊತ್ತಿಗೆ ಚಿಂಚೋಳಿಯಿಂದ ಅಬಚಿಯ ಫೋನು ಬಂದೇ ಬರುತ್ತದೆ. ಅಬಚಿ ಎಂದರೆ ನನ್ನ ಅವ್ವನ ತಂಗಿ, ಸುಂದರಾಬಾಯಿ. ಉಳಿದವರಂತೆ ಆರಾಮ ಇದ್ದೀಯಾ, ಊಟ ಆಯಿತಾ ಎಂದು ಆಕೆ ಶುರು ಮಾಡುವುದಿಲ್ಲ.

“ಪಾಣ್ಯಾ, ಈ ವರ್ಷ ಸಮುದ್ರ ಹ್ಯಾಂಗದ?”

ಹಾಸಿಗೆ ಹಿಡಿದ ನೆಂಟರನ್ನು ವಿಚಾರಿಸುವ ದನಿ. ನಾನು ಭೂಗೋಳದ ಮಾಸ್ತರ, ಸದ್ಯ ವಾಡಿಯಲ್ಲಿದ್ದೇನೆ. ಇಲ್ಲಿ ರೈಲಿನ ಸದ್ದು, ಕಲ್ಲಿನ ಧೂಳು ಬಿಟ್ಟರೆ ಸಮುದ್ರವನ್ನು ನೆನಪಿಸುವಂಥದ್ದು ಏನೂ ಇಲ್ಲ. ಆದರೂ ಮೊಬೈಲಿನಲ್ಲಿ ಹವಾಮಾನದ ಸುದ್ದಿ ನೋಡಿ ಹೇಳುತ್ತೇನೆ. ಬೆಚ್ಚಗಿದೆ ಎಂದರೆ ಅಬಚಿ “ಹಂಗಾರ ಛಲೋ ಆತು” ಎಂದು ಫೋನು ಇಟ್ಟುಬಿಡುತ್ತಾಳೆ. ಈ ವರ್ಷ ಹಾಗೆ ಹೇಳಲಾಗಲಿಲ್ಲ.

“ತಣ್ಣಗಾಗ್ಲಿಕತ್ತದ ಅಂತಾರ, ಅಬಚಿ.”

“ಹಂಗಾರ ಧನುರ್ಮಾಸದಾಗ ನೀ ಬಂದು ಹೋಗು,” ಎಂದಳು.

ಹೋಗಲು ಮನಸ್ಸಿರಲಿಲ್ಲ. ವರ್ಗಾವಣೆ, ಪರೀಕ್ಷೆ, ಚುನಾವಣೆ ಕೆಲಸ ಎಂದು ಈ ಸೀಮೆಯ ರಸ್ತೆಗಳನ್ನೆಲ್ಲ ಸವೆಸಿ ಈಗ ಬಸ್ಸಿನ ಸೀಟು ಕಂಡರೆ ಸಾಕು, ಕೂಡುವ ಮೊದಲೇ ಸೊಂಟ ನೋಯುತ್ತದೆ. ಅದರ ಮೇಲೆ ಆ ಮನೆ, ಆ ತಿಂಗಳು. ಆದರೂ ಅಬಚಿ ಬಾ ಎಂದ ಮೇಲೆ ಹೋಗದೆ ಇರುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಬೆಳಗಿನ ರೈಲು ಹತ್ತಿದೆ. ಚಿತ್ತಾಪುರ ದಾಟಿತು. ಮಳಖೇಡದ ಹತ್ತಿರ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಹೊಗೆ ಮೇಲಕ್ಕೇರದೆ, ಹೊಲಗಳ ಮೇಲೆ ಅಡ್ಡ ಮಲಗಿತ್ತು. ಕೆಳಗೆ ಥಂಡಿ ಕೂತಾಗ ಹೊಗೆ ಹಾಗೆ ಮಲಗುತ್ತದೆ ಎಂದು ಮಕ್ಕಳಿಗೆ ನಾನೇ ಕಲಿಸಿದ್ದೇನೆ. ಕಲಿಸಿದ್ದು ಕಣ್ಣಿಗೆ ಬಿದ್ದಾಗ ಸಂತೋಷವಾಗಬೇಕು. ನಾನು ಕಿಟಕಿ ಮುಚ್ಚಿದೆ. ಸೇಡಂನಲ್ಲಿ ಇಳಿದು ಚಹಾ ಕುಡಿದು, ಚಿಂಚೋಳಿ ಬಸ್ಸು ಹಿಡಿದೆ.

ಅಬಚಿಯ ಮನೆಯ ಹಿತ್ತಿಲಲ್ಲಿ ಬಾವಿಯ ಪಕ್ಕ ತುಳಸಿ ಬನ. ಒಳಗೆ ಹೋಗುವ ಮುಂಚೆ ಒಂದು ದಳ ಕಿತ್ತು ಬೆರಳಲ್ಲಿ ಹೊಸಕಿ ಮೂಗಿಗೆ ಹಿಡಿದೆ. ಅಷ್ಟೇ ಆದದ್ದು. ಅವ್ವ ಇದ್ದ ಕೊನೆಯ ಚಳಿಗಾಲ ಪೂರ್ತಿಯಾಗಿ ಎದುರಿಗೆ ಬಂದು ನಿಂತಿತು.

ಆಗ ನನಗೆ ಕೊಡ್ಲಿಯ ಹೈಸ್ಕೂಲಿನಲ್ಲಿ ನೌಕರಿ. ಹೆಂಡತಿಯ ನೌಕರಿ ಶಹಾಬಾದಿನಲ್ಲಿ, ಮಗಳ ಶಾಲೆಯೂ ಅಲ್ಲೇ. ಅವ್ವನ ಹೃದಯ ಆ ವರ್ಷ ದಣಿದುಬಿಟ್ಟಿತ್ತು. ಕಲಬುರಗಿಯ ಡಾಕ್ಟರರು ಗುಳಿಗೆ ಬರೆದುಕೊಟ್ಟು, “ಇನ್ನ ನಮ್ಮ ಕೈಯಾಗ ಭಾಳ ಏನಿಲ್ರಿ. ಥಂಡಿ ಒಂದು ಬಡೀಲಾರದ್ಹಂಗ ನೋಡಿಕೊಳ್ರಿ,” ಎಂದು ಕಳಿಸಿದರು. ಹಗಲು ಯಾರಾದರೂ ಹತ್ತಿರ ಇರಬೇಕು. ಅಬಚಿ ತಾನೇ ಬಂದು ಅಕ್ಕನನ್ನು ಚಿಂಚೋಳಿಗೆ ಕರೆದೊಯ್ದಳು. ನಾನೂ ಅಲ್ಲೇ ಇದ್ದು ದಿನಾ ಕೊಡ್ಲಿಗೆ ಓಡಾಡತೊಡಗಿದೆ.

ಅಬಚಿಯ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಮನೆಗೆ ಹೊಂದಿ ಒಂದು ಸಣ್ಣ ವೆಂಕಟೇಶನ ಗುಡಿ. ಆ ದೇವರಿಗೆ ದಿನದ ತುಳಸಿ ಈ ಹಿತ್ತಿಲಿನದೇ. ಆಕೆಯ ಮಡಿಯ ಸುದ್ದಿ ಊರಿಗೆಲ್ಲ ಗೊತ್ತು. ಮಡಿಯ ಹೊತ್ತಿನಲ್ಲಿ ನೆರಳು ತಾಗಿದರೂ ಮತ್ತೆ ಬಾವಿಗೆ ಹೋಗುವ ಹೆಂಗಸು. ತಮಾಷೆಯೆಂದರೆ ತುಳಸಿಯನ್ನು ಬಿತ್ತಿ, ನೀರು ಹಾಕಿ, ಹುಳ ಆರಿಸಿ ಬೆಳೆಸುವವಳು ಅವಳು. ಹೆಂಗಸರು ದಳ ಬಿಡಿಸಬಾರದು ಎಂಬ ಶಾಸ್ತ್ರ ಹಿಡಿದು, ಬಿಡಿಸುವ ಕೆಲಸ ನನಗೆ. ಸಂಜೆ ಶಾಲೆಯಿಂದ ಬಂದವನು ಸೂರ್ಯ ಮುಳುಗುವುದರೊಳಗೆ ಸ್ನಾನ ಮಾಡಿ ಬುಟ್ಟಿ ತುಂಬಿಸಬೇಕು. ಹೊತ್ತು ಮುಳುಗಿದ ಮೇಲೆ ತುಳಸಿ ಮಲಗುತ್ತಾಳೆ, ಮುಟ್ಟುವಂತಿಲ್ಲ.

ಆ ಧನುರ್ಮಾಸಕ್ಕೆ ಅಬಚಿ ಒಂದು ಹರಕೆ ಹೊತ್ತಳು. ತಿಂಗಳು ಪೂರ್ತಿ, ಒಂದು ದಿನವೂ ತಪ್ಪದೆ, ತನ್ನ ಕೈಯಾರೆ ಬೆಳೆದ ಹಸಿರು ತುಳಸಿಯ ಹಾರ ಸ್ವಾಮಿಗೆ ಏರಬೇಕು. ಸಂಕ್ರಾಂತಿಯ ದಿನ ಅಕ್ಕ ತನ್ನ ಕಾಲಿನಿಂದ ನಡೆದು ಗುಡಿಗೆ ಬರಬೇಕು. ಇದನ್ನು ಅವ್ವನ ಮುಂದೆಯೇ ಹೇಳಿದಳು. ಅವ್ವ ನಕ್ಕು, “ನಾಕು ಹೆಜ್ಜಿ ಗುಡಿಗೆ ಇಷ್ಟೆಲ್ಲಾ ಲಂಚ ಯಾಕ ಕೊಡ್ತೀಯ ಸುಂದ್ರಾ,” ಎಂದಳು. ಅಬಚಿ ನಗಲಿಲ್ಲ. ಆ ಬನದ ಮೇಲೆ ಅವಳು ಅಕ್ಕನ ಜೀವವನ್ನೇ ಇಟ್ಟಿದ್ದಳು.

ಆ ವರ್ಷ ಮಳೆ ಬಿಡದೆ ಸುರಿದು ಮುಲ್ಲಾಮಾರಿ ತುಂಬಿ ಹರಿದಿತ್ತು. ಆಮೇಲೆ ಒಮ್ಮೆಲೇ ಮೋಡ ಸರಿದು ಆಕಾಶ ತೊಳೆದಿಟ್ಟ ಹಾಗಾಯಿತು. ಪೆಸಿಫಿಕ್ ಸಮುದ್ರದ ನಡುಭಾಗದ ನೀರು ತಣ್ಣಗಾಗಿದೆ, ಈ ಬಾರಿ ನಮ್ಮ ಕಡೆ ಚಳಿ ಹೆಚ್ಚಾದೀತು ಎಂದು ಸುದ್ದಿ ಬರುತ್ತಿತ್ತು. ನಾನು ಅದನ್ನು ಹತ್ತನೆಯವರಿಗೆ ಪಾಠ ಮಾಡಿದೆ. ಎಲ್ಲಿಯ ನೀರು, ಎಲ್ಲಿಯ ಕೊಡ್ಲಿ ಎಂದು ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. ಅಡಿಗೆಮನೆಯ ಉದಾಹರಣೆ ಕೊಟ್ಟೆ. ಎರಡು ಒಲೆ ಉರಿಯುವ ಮನೆಯಲ್ಲಿ ಒಂದು ಒಲೆ ಆರಿದರೆ ಹೊಗೆ ಎಂದಿನ ದಾರಿ ಬಿಟ್ಟು ಬೇರೆ ಕೋಣೆಗೆ ನುಗ್ಗುತ್ತದಲ್ಲ, ಹಾಗೆ ಸಮುದ್ರದ ಆ ಮೂಲೆಯಲ್ಲಿ ಕಾವು ತಗ್ಗಿದರೆ ಬಹಳ ಎತ್ತರದಲ್ಲಿ ಬೀಸುವ ಗಾಳಿ ದಾರಿ ಬದಲಿಸುತ್ತದೆ. ಉತ್ತರದಲ್ಲೇ ನಿಲ್ಲಬೇಕಾದ ತಣ್ಣನೆಯ ಗಾಳಿ ದಖನ್ನಿನವರೆಗೆ ಇಳಿಯುತ್ತದೆ. ಮೇಲೆ ಮೋಡವಿಲ್ಲದಿದ್ದರೆ ನೆಲ ಹಗಲು ಕೂಡಿಟ್ಟ ಶಾಖವನ್ನೆಲ್ಲ ಇರುಳು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಪ್ರತಿ ಸಲವೂ ಹೀಗೇ ಆಗುತ್ತದೆಂದಿಲ್ಲ ಎಂದೂ ಸೇರಿಸಿದೆ. ಹುಡುಗರು ಆ ಕೊನೆಯ ಮಾತನ್ನು ಮಾತ್ರ ಬರೆದುಕೊಳ್ಳಲಿಲ್ಲ.

ಮನೆಗೆ ಬಂದು ಅಬಚಿಗೂ ಹೇಳಿದೆ.

“ಯಾವ ಸಮುದ್ರನೋ? ರಾಮೇಶ್ವರದ್ದ?”

“ಅದಕ್ಕೂ ಭಾಳ ಆಚೀದು.”

“ಅಲ್ಲೀ ನೀರಿಗೂ ನಮಗೂ ಏನು ಸಂಬಂಧ? ಸುಮ್ಮ ತುಳಸಿ ಬಿಡಸು ಹೋಗು, ಹೊತ್ತು ಮುಳುಗ್ತದ,” ಎಂದಳು.

ಚಳಿ ಬಂತು. ನಮ್ಮದು ಬಿಸಿಲಿನ ಸೀಮೆ. ಬಿಸಿಲಿಗೆ ಹೇಗೆ ಹೆದರಬೇಕು ಎಂದು ನಮ್ಮ ಗೋಡೆಗಳಿಗೂ ಗೊತ್ತು, ಚಳಿಗೆ ಹೆದರಿ ಯಾರಿಗೂ ರೂಢಿಯಿಲ್ಲ. ಕುಂಚಾವರಂ ಅಡವಿಯ ಕಡೆಯಿಂದ ಬರುವ ಗಾಳಿ ಕಿವಿ ಕೊಯ್ಯುತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಸೈಕಲ್ ಟೈರು ಸುಟ್ಟು ಕಾಯಿಸಿಕೊಳ್ಳುತ್ತಿದ್ದರು. ಅಬಚಿ ಮಾತ್ರ ನಸುಕಿಗೇ ಎದ್ದು ಬಾವಿಯ ನೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಹುಗ್ಗಿ ಮಾಡಿ ಗುಡಿಗೆ ನೈವೇದ್ಯ ಕಳಿಸುತ್ತಿದ್ದಳು. ಅವಳ ಹಲ್ಲು ಕಟಕಟ ಅನ್ನುವುದು ಪಡಸಾಲೆಗೆ ಕೇಳುತ್ತಿತ್ತು. ಹಿಂದಿನ ವರ್ಷಗಳಲ್ಲಿ ಹೀಗಿರಲಿಲ್ಲ ಅನ್ನಿಸಿದರೂ ಏನು ಬದಲಾಗಿದೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ದಿನವೂ ಬಸ್ಸಿನಲ್ಲಿ ಅಲುಗಾಡಿ ಬಂದವನಿಗೆ ಊಟ, ಹಾಸಿಗೆ ಬಿಟ್ಟು ಬೇರೆ ಯೋಚನೆಯೂ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಚಳಿ ಬಿದ್ದ ದಿನ ಶಾಲೆಯ ಕೆಲಸಕ್ಕೆಂದು ನಾನು ಕೊಡ್ಲಿಯಲ್ಲೇ ಉಳಿಯಬೇಕಾಯಿತು. ಸಂಜೆ ಗಾಳಿ ಪೂರ್ತಿ ನಿಂತುಹೋಗಿತ್ತು, ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ನೋಡಿದ ಕೂಡಲೇ ಅಬಚಿಗೆ ಫೋನು ಮಾಡಿದೆ.

“ಇವತ್ತ ತುಳಸಿ ಮ್ಯಾಲೆ ಏನರೆ ಹೊಚ್ಚಿಬಿಡು, ಅಬಚಿ. ಬಿಟ್ರ ಸುಡ್ತದ.”

“ಥಂಡಿಗೆ ಹ್ಯಾಂಗ ಸುಡ್ತದೋ?”

“ಸುಡ್ತದ. ನನ್ನ ಮಾತು ಕೇಳು.”

ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ತಗ್ಗಿನ ಕಡಲೆ ಹೊಲಗಳು ಬೆಳ್ಳಗಾಗಿದ್ದವು. ಬಸ್ಸಿನಲ್ಲಿದ್ದವರು ಕಿಟಕಿಗೆ ಮುಖ ಹಚ್ಚಿ ನೋಡಿದರು. ಒಬ್ಬ ಮಂಜು ಎಂದ, ಇನ್ನೊಬ್ಬ ಮಂಜು ಹಿಂಗ ಇರ್ತದೇನು ಎಂದ. ಮೂಲೆಯಲ್ಲಿದ್ದ ಮುದುಕ ಮಾತ್ರ, “ಯಾರೋ ಉಪ್ಪು ಚೆಲ್ಯಾರ,” ಎಂದು ಕಂಬಳಿಯೊಳಗೆ ತಲೆ ಎಳೆದುಕೊಂಡ. ಎಲೆಗಳ ಮೇಲಿನ ಇಬ್ಬನಿ ಹೆಪ್ಪುಗಟ್ಟಿತ್ತು; ಅದಕ್ಕೊಂದು ಸರಿಯಾದ ಹೆಸರು ಆ ಬಸ್ಸಿನಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ಮನೆಯ ಮುಂದೆಯೇ ನೀಲಮ್ಮ ಸಿಕ್ಕಳು. ಪಕ್ಕದ ಒಕ್ಕಲುಮನೆಯವಳು, ಅಬಚಿಗೆ ಹಾಲು ಕೊಡುವವಳು. ನಸುಕಿನಲ್ಲಿ ಕಡಲೆ ಗಿಡಗಳ ಮೇಲೆ ತೆಳ್ಳನೆಯ ಬಟ್ಟೆ ಹಾಸಿ, ಅದು ಇಬ್ಬನಿಯೊಡನೆ ಹೀರಿದ ಹುಳಿಯನ್ನು ಹಿಂಡಿ ಸೀಸೆಗೆ ತುಂಬಿಡುವುದು ಅವಳ ಚಳಿಗಾಲದ ರೂಢಿ. ಹೊಟ್ಟೆನೋವಿಗೆ ಓಣಿಯವರೆಲ್ಲ ಅವಳ ಸೀಸೆಗೇ ಹೋಗಬೇಕು. ಅವತ್ತು ಅವಳ ಕೈಯಲ್ಲಿ ಸೆಟೆದ ಬಟ್ಟೆಯಿತ್ತು.

“ನೋಡ್ರಿ ಮಾಸ್ತರ್ರ, ಅರಿವಿ ಹಪ್ಪಳ ಆಗ್ಯಾದ. ಹಿಂಡೂದಲ್ಲ, ಮುರೀಬೇಕು!” ನಗುತ್ತಲೇ ಹೇಳಿದವಳು ದನಿ ತಗ್ಗಿಸಿದಳು. “ಒಳಗ ಹೋಗ್ರಿ. ಬಾಯಾರು ಹಿತ್ತಲದಾಗ ಕುಂತಾರ, ಮಾತ ಆಡವಲ್ರು.”

ಹಿತ್ತಿಲಿಗೆ ಹೋದೆ. ಬನದ ಮೇಲೆ ಅಬಚಿಯ ಗಂಡನ ಹಳೆಯ ಧೋತರಗಳು ಹಾಸಿದ್ದವು, ನೀಲಮ್ಮನ ಬಟ್ಟೆಯ ಹಾಗೆಯೇ ಸೆಟೆದು. ಒಂದರ ತುದಿ ಎತ್ತಿದೆ. ಬಟ್ಟೆಗೆ ಅಂಟಿದ ಎಲೆಗಳು ಅದರ ಜೊತೆಗೇ ಎದ್ದುಬಂದವು. ಬಿಸಿಲು ಏರುತ್ತ ಹೋದಂತೆ ಒಂದೊಂದೇ ಗಿಡ ಬೇಯಿಸಿದ ಸೊಪ್ಪಿನಂತೆ ಕರ್ರಗಾಗಿ ಜೋತುಬಿತ್ತು. ಇಡೀ ಹಿತ್ತಿಲು ತುಳಸಿಯ ಘಾಟಿನಿಂದ ತುಂಬಿತು. ಅಷ್ಟು ದಟ್ಟವಾದ ತುಳಸಿ ವಾಸನೆಯನ್ನು ನಾನು ಯಾವ ಗುಡಿಯಲ್ಲೂ ಕಂಡಿಲ್ಲ.

“ಒದ್ದಿ ಅರಿವಿ ಹೊಚ್ಚೀಯಲ್ಲ ಅಬಚಿ!” ನನ್ನ ದನಿ ಏರಿಬಿಟ್ಟಿತು. “ಒಣಾ ಅರಿವಿ ಸಿಗಲಿಲ್ಲೇನು?”

“ಪೆಟ್ಟಿಗ್ಯಾಗಿನ ಒಣಾ ಅರಿವಿ ಮೈಲಿಗಿ. ತುಳಸಿ ಮ್ಯಾಲೆ ಮೈಲಿಗಿ ಹೊಚ್ಚಲೇನು? ನೀ ಹೇಳಿದ್ದ ಹೊತ್ತು ಮುಳುಗೂ ಮುಂದ. ತೊಯಿಸಿ ಒಣಗಸ್ಲಿಕ್ಕೆ ಬಿಸಿಲೆಲ್ಲಿತ್ತು? ಮಡೀಲೆ ತೊಯಿಸಿದೆ, ಹಿಂಡಿದೆ, ಹೊಚ್ಚಿದೆ.”

ತಪ್ಪು ಅವಳದೂ ಅಲ್ಲ ಅನ್ನಿಸಿತು. ಹತ್ತಿ ಬಟ್ಟೆ ಮಡಿಯಾಗಬೇಕಾದರೆ ನೀರಿಗೆ ಬೀಳಲೇಬೇಕು. ಜನ್ಮವೆಲ್ಲ ಹಾಗೆ ನಡೆದವಳಿಗೆ ಕಾಪಾಡುವುದೆಂದರೂ ಒದ್ದೆ ಬಟ್ಟೆಯೇ. ಆದರೆ ನೀರಿಗೆ ಬೀಳದೆಯೂ ಮಡಿಯಾಗಿರುವ ಒಂದು ಬಟ್ಟೆ ನಮ್ಮ ಮನೆಗಳಲ್ಲಿ ಇರುತ್ತದೆ: ಧಾಬಳಿ. ಉಣ್ಣೆಯದು, ಅದಕ್ಕೆ ತೋಯಿಸುವ ಕಟ್ಟಳೆ ಇಲ್ಲ. ಅಬಚಿಯ ಹತ್ತಿರ ಕೆಂಪಂಚಿನ ದಪ್ಪನೆಯ ಧಾಬಳಿಯಿತ್ತು, ಚಳಿಗಾಲದ ಪೂಜೆಗೆ ಅದನ್ನೇ ಉಡುತ್ತಿದ್ದಳು. ಬನದ ನಡುವಿನ ಗಿಡಗಳಿಗಾದರೂ ಸಾಕಾಗುತ್ತಿತ್ತು, ದಿನದ ಹಾರಕ್ಕೆ ಅಷ್ಟೇ ಸಾಕು.

“ಧಾಬಳಿ ಎಲ್ಲಿ?” ಎಂದೆ.

“ಅದು ಮೈಲಿಗಿ ಆಗ್ಯಾದ,” ಎಂದಷ್ಟೇ ಹೇಳಿ ಅಬಚಿ ಬೇರೆ ಕಡೆ ಮುಖ ಮಾಡಿದಳು.

ಸಿಟ್ಟಿನಿಂದಲೇ ಒಳಗೆ ಹೋದೆ. ಅವ್ವ ಎಚ್ಚರಾಗಿದ್ದಳು. ಜಾರಿದ್ದ ಕೌದಿಯನ್ನು ಸರಿಮಾಡಲು ಬಗ್ಗಿದವನಿಗೆ, ಕೌದಿಯ ಕೆಳಗೆ ಅವ್ವನ ಎದೆಯಿಂದ ಪಾದದವರೆಗೆ ಸುತ್ತಿದ್ದ ಕೆಂಪಂಚು ಕಂಡಿತು. ರೋಗಿಯ ಹಾಸಿಗೆಗೆ ಬಂದ ಮೇಲೆ ಅದು ಇನ್ನೆಲ್ಲಿಯ ಮಡಿ. ನೆರಳು ತಾಗಿದರೂ ಸ್ನಾನಕ್ಕೆ ಹೋಗುವವಳು, ಯಾರಿಗೂ ಹೇಳದೆ, ಚಳಿ ಶುರುವಾದಾಗಲೇ ಅದನ್ನು ಅಕ್ಕನಿಗೆ ಸುತ್ತಿ ತಾನು ಒದ್ದೆ ಸೀರೆಗೆ ಇಳಿದಿದ್ದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

“ತುಳಸಿ ವಾಸನಿ ಇಷ್ಟ್ಯಾಕ ಬರ್ಲಿಕತ್ತದೋ?” ಅವ್ವ ಕೇಳಿದಳು. ನಾನು ಕೌದಿಯ ಅಂಚು ಮಡಚುತ್ತ ನಿಂತೆ. ಅವ್ವನಿಗೆ ತಿಳಿಯಿತು. “ಆಕೀಗೆ ಬೈಬ್ಯಾಡ ಪಾಣ್ಯಾ. ಧಾಬಳಿ ತಗೊಂಡು ಹೊಚ್ಚು ಅಂತ ನಾನ ಅಂದೆ, ಕೇಳಲಿಲ್ಲ. ಇಂಥಾ ಥಂಡ್ಯಾಗೂ ನನಗ ಭಾಳ ಬೆಚ್ಚಗಿತ್ತು. ಆಕೀಗೆ ಹೇಳು.”

ಹೇಳಿದೆ. ಅಬಚಿ ಕೇಳಿಸಿಕೊಂಡಳೋ ಇಲ್ಲವೋ. ನೀಲಮ್ಮ ತನ್ನ ಮನೆಯ ಸೂರಿನ ಕೆಳಗೆ ಬದುಕಿ ಉಳಿದಿದ್ದ ತುಳಸಿಯನ್ನು ಕುಂಡದ ಸಮೇತ ಹೊತ್ತು ತಂದು, “ನೀವ ಕೊಟ್ಟ ಸಸಿ ಐತ್ರಿ ಬಾಯಾರ, ಹಚ್ಚಿಕೊಳ್ರಿ,” ಎಂದಳು. ಬೆಳೆದದ್ದು ತನ್ನ ಕೈಯಲ್ಲಲ್ಲ ಎಂದು ಅಬಚಿ ತಲೆಯಾಡಿಸಿದಳು. ಗುಡಿಯ ಆಚಾರ್ಯರು ಬಂದು, ತುಳಸಿಗೆ ಹಳಸುವ ದೋಷವಿಲ್ಲ, ಒಣಗಿದ ದಳವೂ ಸ್ವಾಮಿಗೆ ನಡೆಯುತ್ತದೆ ಎಂದು ಶಾಸ್ತ್ರ ಹೇಳಿದರು.

“ಒಣಗಿದ್ದು ಬ್ಯಾರೆ ಆಚಾರ್ರ, ಸುಟ್ಟದ್ದು ಬ್ಯಾರೆ,” ಎಂದಳು ಅಬಚಿ. ಆದರೂ ಆ ಕಪ್ಪು ಎಲೆಗಳನ್ನೇ ದಿನಾ ಹಾರ ಮಾಡಿ ಸಂಕ್ರಾಂತಿಯವರೆಗೆ ಕಳಿಸಿದಳು.

ಸಂಕ್ರಾಂತಿಗೆ ಅವ್ವ ಗುಡಿಗೆ ನಡೆಯಲಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗುತ್ತದೆ ಎನ್ನುತ್ತಾರೆ. ಅವ್ವ ಅಲ್ಲಿಯವರೆಗೂ ಕಾಯಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ಅಬಚಿ ಒಂದೇ ಮಾತು ಹಿಡಿದಳು. “ಧಾಬಳಿ ತುಳಸಿಗೆ ಹೊಚ್ಚಿದ್ರ ಹರಕಿ ಉಳೀತಿತ್ತು. ಹರಕಿ ಉಳಿದಿದ್ರ ಅಕ್ಕ ಉಳೀತಿದ್ಲು.” ಅವ್ವನ ಹೃದಯದ ಸ್ಥಿತಿ ಹೇಳಿದೆ, ಡಾಕ್ಟರರ ಮಾತು ಹೇಳಿದೆ. ಆಗದಿದ್ದಾಗ ಸಮುದ್ರವನ್ನೇ ಹಿಡಿದು ತಂದೆ. ಎಲ್ಲೋ ನೀರು ತಣ್ಣಗಾಯಿತು, ಗಾಳಿ ದಾರಿ ತಪ್ಪಿತು, ಮೋಡ ಇರಲಿಲ್ಲ, ಅದಕ್ಕೆ ಸುಟ್ಟಿತು. ನಿನ್ನ ಕೈ ಇದರಲ್ಲಿ ಏನಿದೆ ಎಂದೆ. ಹೇಳಿ ಹೇಳಿ ನನ್ನ ಬಾಯಿ ದಣಿದಿದ್ದ ಪಾಠ ಮೊದಲ ಸಲ ಒಬ್ಬರ ಕಣ್ಣೀರು ಒರೆಸುವ ಕೆಲಸಕ್ಕೆ ಬಂದಿತ್ತು, ಅದೂ ಸಾಲಲಿಲ್ಲ.

“ಸಮುದ್ರದ ಮ್ಯಾಲೆ ಯಾಕ ಹಾಕ್ತೀ,” ಎಂದಳು. “ಅದು ತಣ್ಣಗಾಗ್ತದಂತ ನೀ ಮೊದಲ ಹೇಳಿದ್ದಿ. ಕೇಳಲಿಲ್ಲ ನಾ.” ಅವ್ವ ಬೆಚ್ಚಗಿತ್ತು ಅಂದಳಲ್ಲ ಎಂದರೆ, “ನೀ ನನ್ನ ಸಮಾಧಾನಕ್ಕ ಹೇಳ್ತಿ,” ಎನ್ನುತ್ತಿದ್ದಳು. ಮರುವರ್ಷದ ದೀಪಾವಳಿ ಮುಗಿದ ಮೇಲೆ ಆ ಫೋನು ಶುರುವಾಯಿತು.

ಈ ಸಲ ಹೋದಾಗ ಅಬಚಿ ಬಹಳ ಇಳಿದುಹೋಗಿದ್ದಳು. ಬನ ಮಾತ್ರ ಹುಲುಸಾಗಿತ್ತು; ಕಡೆಗೂ ನೀಲಮ್ಮನ ಕುಂಡದ ಬೀಜದಿಂದಲೇ ಎದ್ದ ಗಿಡಗಳು. ಹೊತ್ತು ಇಳಿಯುತ್ತಿತ್ತು. ಗಾಳಿ ನಿಂತಿತ್ತು, ಆಕಾಶ ಅವತ್ತಿನ ಹಾಗೆಯೇ ಬರಿದಾಗಿತ್ತು. ಅಬಚಿ ಒಳಗಿನಿಂದ ಹೊಸ ಧಾಬಳಿ ತಂದಳು. ಅವ್ವನ ಜೊತೆ ಹಳೆಯದು ಹೋದ ಮೇಲೆ ತರಿಸಿಟ್ಟುಕೊಂಡದ್ದು, ಮಡಿಕೆ ಕೂಡ ಬಿಚ್ಚಿರಲಿಲ್ಲ. ಆಕೆ ಉಟ್ಟಿದ್ದು ತೆಳ್ಳನೆಯ ಸೀರೆ, ಕೈ ನಡುಗುತ್ತಿತ್ತು.

“ಹೊತ್ತು ಮುಳುಗೂದರಾಗ ಹೊಚ್ಚಬೇಕು. ನೀ ಆಚೀಗೆ ಸರಿ,” ಎಂದಳು.

ನಾನು ಅದನ್ನು ಅವಳ ಕೈಯಿಂದ ಇಸಿದುಕೊಂಡೆ.

“ಅಯ್ಯ, ಮುಟ್ಟಿದೇನೋ! ರೈಲು ಬಸ್ಸು ಹತ್ತಿ ಬಂದಾಂವ!”

“ಮುಟ್ಟಿದೆ. ಇನ್ನ ತುಳಸಿಗೆ ಬರೂದಿಲ್ಲ,” ಎಂದು ಅವಳನ್ನೇ ಕಟ್ಟೆಯ ಮೇಲೆ ಕೂಡಿಸಿ, ಹೆಗಲಿನಿಂದ ಪಾದದವರೆಗೆ ಸುತ್ತಿಬಿಟ್ಟೆ. ಬೈದಳು. ಏಳಲು ನೋಡಿದಳು, ಕಸುವು ಸಾಲಲಿಲ್ಲ. ಗದ್ದಲ ಕೇಳಿ ನೀಲಮ್ಮ ಜೋಳದ ಒಣ ದಂಟಿನ, ಕಣಿಕೆಯ ಹೊರೆ ಹೊತ್ತು ಬಂದಳು. “ಕಣಿಕಿಗೇನು ಮೈಲಿಗಿ ಇಲ್ಲಲ್ರಿ ಬಾಯಾರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗಿಡಗಳ ಸುತ್ತ ಊರತೊಡಗಿದಳು. ನಾನೂ ಕೈ ಹಾಕಿದೆ. ಮೇಲೆ ಒಣ ಕಣಿಕೆಯ ಚಪ್ಪರ ಮಾಡುವ ಹೊತ್ತಿಗೆ ಬೆನ್ನ ಹಿಂದಿನ ಬೈಗುಳ ನಿಂತಿತ್ತು.

ತಿರುಗಿ ನೋಡಿದೆ. ಅಬಚಿ ಧಾಬಳಿಯ ಅಂಚನ್ನು ತಾನೇ ಗಲ್ಲದವರೆಗೆ ಎಳೆದುಕೊಂಡು ಕೂತಿದ್ದಳು. ನಡುಕ ಇಳಿದಿತ್ತು. ನನ್ನನ್ನು ಹತ್ತಿರ ಕರೆದಳು. ಇಷ್ಟು ವರ್ಷ ನಾನು ಹೇಳಿದರೂ ನಂಬದಿದ್ದವಳು, ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು:

“ಪಾಣ್ಯಾ, ಅಕ್ಕಗ ಇಷ್ಟು ಬೆಚ್ಚಗಿತ್ತೇನು?”